ರಾಟವಾಳಗಳೂ ಹುಲ್ಲಿನ ತೆನೆಯೂ

ಗುಬ್ಬಿಗಿಂತ ಚಿಕ್ಕವಾದ, ದಪ್ಪ ಕೊಕ್ಕಿನ ಹಕ್ಕಿಗಳು ಹಿಂಡುಹಿಂಡಾಗಿ ಹುಲ್ಲಿನ ತೆನೆಗಳಿಗೆ ಜೋತುಬೀಳುವುದನ್ನು ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯಂಚಿನಲ್ಲಾಗಲಿ, ಬನಶಂಕರಿಯಾಚೆಯ ತುರಹಳ್ಳಿ ಕಾಡಿನ ಬಯಲಿನಲ್ಲಾಗಲಿ ಕಾಣಬಹುದು. ಇವೇ ರಾಟವಾಳಗಳು, ಮುನಿಯ ಎಂಬ ಹೆಸರೂ ಉಂಟು. ಆಫ್ರಿಕ, ದಕ್ಷಿಣ ಏಷ್ಯ, ಆಸ್ಟ್ರೇಲಿಯಗಳಲ್ಲಿ ಹರಡಿರುವ, ಸುಮಾರು 140 ಜಾತಿಗಳುಳ್ಳ ಎಸ್ಟ್ರಿಲ್ಡಿಡೇ ಕುಟುಂಬಕ್ಕೆ ಇವು ಸೇರಿವೆ. ಎದೆಯ ಮೇಲೆ ಮೀನಿನ ಹುರುಪೆಯಂತಹ ಗುರುತುಗಳಿದ್ದರೆ ಅದು ಚುಕ್ಕೆ ರಾಟವಾಳ. ಮಾಸಲು ಕಂದು ಬೆನ್ನು, ಬೆಳ್ಳಿ ಬಣ್ಣದ ಕೊಕ್ಕು ಇದ್ದರೆ ಬಿಳಿಗಂಟಲಿನ ರಾಟವಾಳ.

ಚುಕ್ಕೆ ರಾಟವಾಳದ ತೂಕ 12ರಿಂದ 16 ಗ್ರಾಂ ಮಾತ್ರ. ಇಲ್ಲಿ ಭೌತಶಾಸ್ತ್ರದ ಒಂದು ನಿಯಮವನ್ನು ನೆನೆಯಬೇಕು. ಒಂದು ವಸ್ತುವಿನ ಉದ್ದ, ಅಗಲ, ಎತ್ತರಗಳನ್ನು ಅರ್ಧಕ್ಕಿಳಿಸಿದರೆ ಅದರ ಮೇಲ್ಮೈ ಕಾಲು ಭಾಗವಾಗುತ್ತದೆ. ಗಾತ್ರವಾದರೋ ಎಂಟನೆಯ ಒಂದು ಭಾಗಕ್ಕಿಳಿಯುತ್ತದೆ. ಎಂದರೆ, ಪ್ರತಿ ಗ್ರಾಂ ತೂಕಕ್ಕೆ ದೊರೆಯುವ ಮೇಲ್ಮೈ ಇಮ್ಮಡಿಯಾಗುತ್ತದೆ. ಶಾಖವು ಹೊರಹೋಗುವುದು ಮೇಲ್ಮೈಯ ಮೂಲಕವೇ. ಆದುದರಿಂದ ಪುಟ್ಟ ಹಕ್ಕಿಯು ಬೇಗ ತಣಿಯುತ್ತದೆ. ಈ ನಷ್ಟವನ್ನು ತುಂಬಲು ಅದು ಹಗಲೆಲ್ಲ ಬೀಜಗಳನ್ನು ತಿನ್ನಬೇಕು. ರಾತ್ರಿ ಹುಲ್ಲಿನಿಂದ ಹೆಣೆದ ಚೆಂಡಿನಾಕಾರದ ಗೂಡಿನೊಳಗೆ ಹಲವು ಹಕ್ಕಿಗಳು ಒತ್ತಾಗಿ ಕುಳಿತು ಬೆಚ್ಚಗಿರುವುದೂ ಉಂಟು.

ಹೀಗೆ ಅನ್ನವೂ ಮನೆಯೂ ಹುಲ್ಲಿನಿಂದಲೇ. ಖಾಲಿ ನಿವೇಶನಗಳಲ್ಲಿ ಕಟ್ಟಡಗಳೆದ್ದಾಗ, ಕೆರೆಯಂಚಿನ ಹುಲ್ಲನ್ನು ಅಂದಕ್ಕಾಗಿ ಕತ್ತರಿಸಿದಾಗ ಇವೆರಡೂ ಒಮ್ಮೆಗೇ ಹೋಗುತ್ತವೆ. ನಮ್ಮ ಕಣ್ಣಿಗೆ ಹಸುರಾದ ಹುಲ್ಲುಹಾಸು, ತೆನೆ ಕಟ್ಟದಿದ್ದರೆ, ರಾಟವಾಳಕ್ಕೆ ಬರಡು ನೆಲವೇ ಸರಿ. ಉದ್ಯಾನದ ಒಂದು ಮೂಲೆಯಲ್ಲಾದರೂ ಹುಲ್ಲನ್ನು ಬೀಜ ಮಾಗುವ ತನಕ ಬಿಟ್ಟರೆ ಈ ಹಕ್ಕಿಗಳಿಗೆ ಅದೇ ದೊಡ್ಡ ಆಸರೆ.