ನಿಮಗಿದು ಗೊತ್ತೇ? ಎರಡೇ ವಾರದಲ್ಲಿ ತಣ್ಣಗಾದ ಕರುಳು!

ಕಾಲು ಉಳುಕಿದರೆ ಏನಾಗುತ್ತದೆ? ಊದುತ್ತದೆ, ಕೆಂಪಾಗುತ್ತದೆ, ನೋಯುತ್ತದೆ. ಅದೇ ಉರಿಯೂತ. ಆದರೆ ಕಣ್ಣಿಗೆ ಕಾಣದ, ನೋವೂ ಕೊಡದ ಉರಿಯೂತ ಇನ್ನೊಂದಿದೆ! ರಕ್ತನಾಳಗಳಲ್ಲಿ, ಕರುಳಿನಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಇರುತ್ತದೆ. ಬೂದಿ ಮುಚ್ಚಿದ ಕೆಂಡದ ಹಾಗೆ!

ಅದನ್ನು ಪತ್ತೆ ಹಚ್ಚಲು ಒಂದಿಷ್ಟು ರಕ್ತ ಸಾಕು. ಕೋವಿಡ್ ಕಾಲದಲ್ಲಿ ನೀವೂ ಕೇಳಿರುತ್ತೀರಿ, ಸಿಆರ್‌ಪಿ ಪರೀಕ್ಷೆ. ಉರಿಯೂತ ಇದ್ದಾಗ ಯಕೃತ್ತು ಸಿಆರ್‌ಪಿ ಎಂಬ ಪ್ರೋಟೀನನ್ನು ಹೆಚ್ಚು ಹೆಚ್ಚು ತಯಾರಿಸುತ್ತದೆ. ಅಮೆರಿಕದ ಡಲ್ಲಾಸ್ ನಗರದಲ್ಲಿ ಕಪ್ಪು ಹಾಗೂ ಬಿಳಿಯ ಜನರ ಸಿಆರ್‌ಪಿ ಅಳೆದರು. ಎಲ್ಲರಿಗಿಂತ ಹೆಚ್ಚು ಯಾರಲ್ಲಿತ್ತು ಗೊತ್ತೇ? ಕಪ್ಪು ಮಹಿಳೆಯರಲ್ಲಿ!

ಅವರನ್ನು ಕಾಡುವ ಕಾಯಿಲೆಗಳೂ ಕಡಿಮೆಯೇನಲ್ಲ. ಅಮೆರಿಕದ ಕಪ್ಪು ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಬಿ.ಪಿ. ಇದೆ. ಐವತ್ತು ತುಂಬುವಷ್ಟರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿಗೆ ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆ ಬಂದಿರುತ್ತದೆ. ಎಂಬತ್ತು! ಎಷ್ಟೋ ಮಂದಿಗೆ ಅದು ಗೊತ್ತೇ ಇರುವುದಿಲ್ಲ.

ಇಷ್ಟು ಜನರ ಆರೋಗ್ಯದ ಲೆಕ್ಕ ಇಡಲು ಬಾಸ್ಟನ್ ವಿಶ್ವವಿದ್ಯಾಲಯದವರು 1995ರಲ್ಲಿ ಹೂಡಿದ ಉಪಾಯ ಕೇಳಿ. ಕಪ್ಪು ಮಹಿಳೆಯರು ಮೆಚ್ಚಿ ಓದುವ ‘ಎಸೆನ್ಸ್’ ಪತ್ರಿಕೆಯ ಚಂದಾದಾರರಿಗೆ ಅಂಚೆಯಲ್ಲಿ ಪ್ರಶ್ನಾವಳಿ ಕಳಿಸಿದರು! ಏನು ತಿನ್ನುತ್ತೀರಿ, ಎಷ್ಟು ನಡೆಯುತ್ತೀರಿ, ಯಾವ ಕಾಯಿಲೆ ಇದೆ? ಹೀಗೆಲ್ಲ ಕೇಳಿದರು. ಒಬ್ಬಿಬ್ಬರಲ್ಲ, ಸುಮಾರು 59,000 ಮಹಿಳೆಯರು ಭರ್ತಿ ಮಾಡಿ ಕಳಿಸಿದರು. ಒಂದು ಮಾಸಪತ್ರಿಕೆಯ ವಿಳಾಸಪಟ್ಟಿಯಿಂದ ಇಷ್ಟು ದೊಡ್ಡ ಅಧ್ಯಯನ ಹುಟ್ಟಿತು!

ಆ ಉತ್ತರಗಳಲ್ಲಿ ಏನೇನು ಸಿಕ್ಕಿತು ನೋಡಿ. ಹಣ್ಣು, ಅದರಲ್ಲೂ ಕಿತ್ತಳೆ ಜಾತಿಯ ಹಣ್ಣು ಹೆಚ್ಚು ತಿನ್ನುವವರಲ್ಲಿ ಫೈಬ್ರಾಯ್ಡ್ ಕಡಿಮೆ. ಹಾಲು ಮೊಸರು ಹೆಚ್ಚು ಬಳಸುವವರಲ್ಲೂ ಕಡಿಮೆ! ಸ್ತನ ಕ್ಯಾನ್ಸರಿನಲ್ಲಿ ಒಂದು ಬಗೆ ಬಲು ಹಟಮಾರಿ, ಹಾರ್ಮೋನ್ ಚಿಕಿತ್ಸೆಗೆ ಬಗ್ಗುವುದಿಲ್ಲ. ಬಿಳಿಯ ಮಹಿಳೆಯರಿಗಿಂತ ಕಪ್ಪು ಮಹಿಳೆಯರನ್ನು ಅದು ಹೆಚ್ಚಾಗಿ ಕಾಡುತ್ತದೆ. ದಿನಕ್ಕೆ ಎರಡು ಸಲವಾದರೂ ತರಕಾರಿ ತಿನ್ನುವವರಲ್ಲಿ ಆ ಬಗೆಯ ಕ್ಯಾನ್ಸರ್ ಶೇ. 43ರಷ್ಟು ಕಡಿಮೆ ಕಂಡಿತು. ಹೋಲಿಸಿದ್ದು ವಾರಕ್ಕೆ ನಾಲ್ಕು ಸಲಕ್ಕಿಂತಲೂ ಕಡಿಮೆ ತರಕಾರಿ ತಿನ್ನುವವರ ಜೊತೆ. ತರಕಾರಿಯೇ ತಡೆಯಿತು ಎಂದು ಇದರಿಂದ ಸಾಬೀತಾಗುವುದಿಲ್ಲ, ನಿಜ. ಆದರೂ ಇಂಥ ಅಂಕಿ ಕಂಡರೆ ಹುಬ್ಬೇರದೆ ಇದ್ದೀತೇ?

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಯೋಗಕ್ಕೆ ಬರೋಣ. ಅಮೆರಿಕದ ಪಿಟ್ಸ್‌ಬರ್ಗ್‌ನ 20 ಆಫ್ರಿಕನ್-ಅಮೆರಿಕನ್ನರು ಒಂದು ಕಡೆ. ದಕ್ಷಿಣ ಆಫ್ರಿಕಾದ ಹಳ್ಳಿಗಾಡಿನ 20 ಮಂದಿ ಇನ್ನೊಂದು ಕಡೆ. ಗಂಡಸರೂ ಇದ್ದರು, ಹೆಂಗಸರೂ ಇದ್ದರು. ಎರಡು ವಾರಗಳ ಮಟ್ಟಿಗೆ ಅವರ ಊಟವನ್ನೇ ಅದಲುಬದಲು ಮಾಡಿಬಿಟ್ಟರು!

ಅಮೆರಿಕದವರ ತಟ್ಟೆಗೆ ಮೆಕ್ಕೆಜೋಳ, ಕಾಳು, ಬೆಂಡೆಕಾಯಿ, ಮಾವಿನಹಣ್ಣು ಬಂತು. ಆಫ್ರಿಕಾದವರ ತಟ್ಟೆಗೆ ಬರ್ಗರ್, ಸಾಸೇಜ್, ಕರಿದ ಆಲೂಗಡ್ಡೆ! ಅಮೆರಿಕದವರು ಅದುವರೆಗೆ ದಿನಕ್ಕೆ 14 ಗ್ರಾಂ ನಾರು ತಿನ್ನುತ್ತಿದ್ದರು. ಅದು ಒಮ್ಮೆಗೇ 55 ಗ್ರಾಂಗೆ ಜಿಗಿಯಿತು. ಆಫ್ರಿಕಾದವರದು 66ರಿಂದ 12ಕ್ಕೆ ಕುಸಿಯಿತು.

ಎರಡು ವಾರ ಕಳೆದು ಕರುಳಿನೊಳಗೆ ಇಣುಕಿದರು. ಅಮೆರಿಕದವರ ಕರುಳಿನಲ್ಲಿ ಉರಿಯೂತ ಇಳಿದಿತ್ತು! ಕರುಳಿಗೆ ತಂಪು ಮಾಡುವ ಬ್ಯುಟಿರೇಟ್ ಎಂಬ ವಸ್ತು ಎರಡೂವರೆ ಪಟ್ಟು ಏರಿತ್ತು. ಅದನ್ನು ತಯಾರಿಸುವವರು ಯಾರು ಗೊತ್ತೇ? ನಮ್ಮ ಹೊಟ್ಟೆಯಲ್ಲೇ ವಾಸವಿರುವ ಬ್ಯಾಕ್ಟೀರಿಯಾಗಳು. ನಮಗೆ ಜೀರ್ಣವಾಗದ ನಾರೇ ಅವುಗಳಿಗೆ ಹಬ್ಬದೂಟ!

ಮತ್ತೆ ಆಫ್ರಿಕಾದವರು? ಪಾಪ, ಅವರಲ್ಲಿ ಎಲ್ಲವೂ ತಿರುವುಮುರುವು. ಕ್ಯಾನ್ಸರಿನ ಅಪಾಯ ಸೂಚಿಸುವ ಗುರುತುಗಳು ಏರಿದ್ದವು. ಹದಿನಾಲ್ಕೇ ದಿನಗಳಲ್ಲಿ! 2015ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಇನ್ನೊಂದು ಕೇಳಿ. ಬಿ.ಪಿ. ಇಳಿಸಲು ವೈದ್ಯರು ಹೇಳುವ ‘ಡ್ಯಾಶ್’ ಪಥ್ಯದ ಮೊದಲ ಪರೀಕ್ಷೆಯ ಫಲಿತಾಂಶ 1997ರಲ್ಲಿ ಪ್ರಕಟವಾಯಿತು, ಅದರಲ್ಲಿ 459 ಮಂದಿ ಇದ್ದರು. ಅವರಲ್ಲಿ ನೂರಕ್ಕೆ ಅರವತ್ತು ಮಂದಿ ಕಪ್ಪು ಜನರು, ಸುಮಾರು ಅರ್ಧದಷ್ಟು ಮಹಿಳೆಯರು. ಹಣ್ಣು, ತರಕಾರಿ, ಕಾಳು, ಕೊಬ್ಬು ಕಡಿಮೆಯಿರುವ ಹಾಲು, ಇಷ್ಟೇ. ತೂಕ ಇಳಿಸಲಿಲ್ಲ, ಉಪ್ಪು ಕಡಿಮೆ ಮಾಡಲಿಲ್ಲ. ಆದರೂ ಬಿ.ಪಿ. ಇಳಿಯಿತು! ಬಿಳಿಯರಿಗಿಂತ ಕಪ್ಪು ಜನರಲ್ಲಿ ಸುಮಾರು ಎರಡು ಪಟ್ಟು ಇಳಿಯಿತು!

ಯಾವ ಆಹಾರ ಉರಿಯೂತ ಹೆಚ್ಚಿಸುತ್ತದೆ, ಯಾವುದು ತಗ್ಗಿಸುತ್ತದೆ ಎಂದು ಅಂಕ ಕೊಡುವ ಪಟ್ಟಿಯೂ ಇದೆ. ದಕ್ಷಿಣ ಕೆರೊಲಿನಾ ವಿಶ್ವವಿದ್ಯಾಲಯದವರು 1,943 ಸಂಶೋಧನಾ ಲೇಖನಗಳನ್ನು ಜಾಲಾಡಿ ಅದನ್ನು ಸಿದ್ಧಪಡಿಸಿದರು. 2014ರ ಆ ಪ್ರಬಂಧದ ಮೊದಲ ಲೇಖಕರ ಹೆಸರು ನಿತಿನ್ ಶಿವಪ್ಪ! ಪಟ್ಟಿಯಲ್ಲಿರುವುದು ಒಟ್ಟು 45 ಅಂಶಗಳು. ಉರಿಯೂತ ತಗ್ಗಿಸುವುದರಲ್ಲಿ ಮೊದಲ ಸ್ಥಾನ ಯಾವುದಕ್ಕೆ? ಅರಿಶಿನಕ್ಕೆ! ಅದರ ಹಿಂದೆಯೇ ನಾರು. ಶುಂಠಿ, ಬೆಳ್ಳುಳ್ಳಿ, ಈರುಳ್ಳಿ ಎಲ್ಲವೂ ಒಳ್ಳೆಯ ಗುಂಪಿನಲ್ಲೇ ಇವೆ.

ಊಟವೊಂದೇ ಎಲ್ಲಕ್ಕೂ ಮದ್ದು ಎಂದುಕೊಳ್ಳಬೇಡಿ ಮತ್ತೆ. ವರ್ಣಭೇದ, ಬಡತನ, ಮುಗಿಯದ ಆತಂಕಗಳು ಕಪ್ಪು ಮಹಿಳೆಯರ ದೇಹವನ್ನು ಬೇಗ ಸವೆಸುತ್ತವೆ ಎಂದು ಆರ್ಲೀನ್ ಜೆರೊನಿಮಸ್ ಎಂಬ ಸಂಶೋಧಕಿ 1992ರಲ್ಲೇ ಹೇಳಿದರು. ಸುತ್ತಮುತ್ತ ತಾಜಾ ಸೊಪ್ಪು ಮಾರುವ ಅಂಗಡಿಯೇ ಇಲ್ಲದ ಕೇರಿಗಳು ಅಮೆರಿಕದಲ್ಲಿ ಎಷ್ಟೋ ಇವೆ. ಅಲ್ಲಿರುವವಳಿಗೆ ‘ಸೊಪ್ಪು ತಿನ್ನಮ್ಮಾ’ ಎಂದು ಹೇಳಿ ಕೈತೊಳೆದುಕೊಳ್ಳುವುದು ಅನ್ಯಾಯ.

ಈ ಕೊರತೆಗೆ ಮಿಸಿಸಿಪ್ಪಿಯ ಫ್ಯಾನಿ ಲೂ ಹೇಮರ್ ಒಂದು ಉತ್ತರ ಕಂಡುಕೊಂಡಿದ್ದರು. ಮತದಾನದ ಹಕ್ಕಿಗಾಗಿ ಏಟು ತಿಂದ ಹೋರಾಟಗಾರ್ತಿ. 1969ರಲ್ಲಿ ಬಡವರಿಗಾಗಿ ಸಹಕಾರಿ ಹೊಲವನ್ನೇ ಕಟ್ಟಿದರು! ಸ್ವಂತ ತರಕಾರಿ, ಸ್ವಂತ ಕಾಳು. ಹಂದಿ ಸಾಕಲು ಒಂದು ‘ಹಂದಿ ಬ್ಯಾಂಕ್’ ಕೂಡ! ಬಿ.ಪಿ. ಮತ್ತು ಸ್ತನ ಕ್ಯಾನ್ಸರ್ ಅವರನ್ನೂ ಬಿಡಲಿಲ್ಲ. 59ಕ್ಕೇ ತೀರಿಕೊಂಡರು.

ಸೊಪ್ಪು, ಕಾಳು ಎಂದಾಗ ನೆನಪಾಯಿತು, ಆಫ್ರಿಕನ್-ಅಮೆರಿಕನ್ನರ ಹೊಸ ವರ್ಷದ ಊಟ ಯಾವುದು ಗೊತ್ತೇ? ಅಲಸಂದೆ ಕಾಳು ಹಾಕಿದ ಅನ್ನ, ಜೊತೆಗೆ ಬೇಯಿಸಿದ ಸೊಪ್ಪು! ಅದೃಷ್ಟ ತರುತ್ತದಂತೆ. ನಾರಂತೂ ಖಂಡಿತ ತರುತ್ತದೆ! ಅಲಸಂದೆಯ ತವರು ಆಫ್ರಿಕಾ. ಗುಲಾಮರ ಹಡಗುಗಳ ಕಾಲದಲ್ಲಿ ಅದು ಅಮೆರಿಕಕ್ಕೆ ಹೋಯಿತು. ಅದಕ್ಕೂ ಸಾವಿರಾರು ವರ್ಷ ಮೊದಲೇ ಅದು ನಮ್ಮ ಕಡೆಗೆ ಬಂದಿತ್ತು. ನಾವು ಮುದ್ದೆ ಕಟ್ಟುವ ರಾಗಿಯೂ ಆಫ್ರಿಕಾದಿಂದ ಬಂದದ್ದೇ!

ಸೊಪ್ಪು ಬೇಯಿಸಿದ ನೀರನ್ನು ಆಫ್ರಿಕನ್-ಅಮೆರಿಕನ್ನರು ಚೆಲ್ಲುವುದಿಲ್ಲ. ಅದರಲ್ಲಿ ಮೆಕ್ಕೆಜೋಳದ ಬ್ರೆಡ್ ಅದ್ದಿ ತಿನ್ನುತ್ತಾರೆ. ಗುಲಾಮಗಿರಿಯ ಕಾಲದಲ್ಲಿ ಸೊಪ್ಪು ಯಜಮಾನರಿಗೆ ಹೋಗುತ್ತಿತ್ತು, ನೀರು ಅಡುಗೆಯವರಿಗೆ ಉಳಿಯುತ್ತಿತ್ತು. ಸೊಪ್ಪಿನ ಸತ್ವ ಸಾಕಷ್ಟು ಇಳಿದಿರುತ್ತಿದ್ದುದು ಆ ನೀರಿಗೇ!

ಜೂನ್ 19, ಅಮೆರಿಕದಲ್ಲಿ ಗುಲಾಮಗಿರಿ ಕೊನೆಗೊಂಡ ನೆನಪಿನ ಹಬ್ಬ. ಅಂದು ಕೆಂಪು ಪಾನೀಯ ಕುಡಿಯಲೇಬೇಕು. ಅದರ ಮೂಲ ಪಶ್ಚಿಮ ಆಫ್ರಿಕಾದ ಕೆಂಪು ದಾಸವಾಳದ ಶರಬತ್ತು ಎನ್ನುತ್ತಾರೆ. ನಮ್ಮ ಉತ್ತರ ಕರ್ನಾಟಕದ ಪುಂಡಿಪಲ್ಲೆಯ ಬಳಗದ್ದೇ ಆ ಗಿಡ! ಬಿ.ಪಿ. ತುಸು ಏರಿದ್ದವರಿಗೆ ಆ ಹೂವಿನ ಚಹಾವನ್ನು ದಿನಕ್ಕೆ ಮೂರು ಲೋಟದಂತೆ ಆರು ವಾರ ಕುಡಿಸಿ ನೋಡಿದ್ದಾರೆ. ಮೇಲಿನ ಅಂಕಿ ಸರಾಸರಿ 7ರಷ್ಟು ಇಳಿದಿತ್ತು! ಅಂಗಡಿಯಲ್ಲಿ ಸಿಗುವ ಸಕ್ಕರೆ ತುಂಬಿದ ಕೆಂಪು ಸೋಡಾಗೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ!