ಒಂದಕ್ಷರದಲ್ಲಿ ಅಡಗಿದ ಮುತ್ತಾತ

ಕಡಯಂಪಟ್ಟಿಯಂಥ ಊರಿನ ಕನ್ನಡ ಮನೆಯ ಮಗುವಿಗೆ ಶಾಲೆಯ ದಾಖಲೆಯಲ್ಲಿ ಹೆಸರಿನ ಮುಂದೆ ಒಂದೇ ಅಕ್ಷರ. ತಂದೆಯ ಹೆಸರಿನ ಮೊದಲಕ್ಷರ. ಆ ಮಗು ಬೆಳೆದು ತಾನೇ ತಂದೆಯಾದಾಗ ಅದೂ ಕಳಚಿಹೋಗುತ್ತದೆ. ಹೀಗೆ ಅಜ್ಜನ ಹೆಸರು ಎರಡೇ ತಲೆಮಾರಿಗೆ ಕಾಗದದಿಂದ ಮರೆಯಾಗುತ್ತದೆ. ಮನೆತನದ ಹೆಸರಂತೂ ಬಹುಪಾಲು ಕಾಗದಕ್ಕೆ ಏರಿಯೇ ಇರುವುದಿಲ್ಲ.

ಲಿಪಿಯ ತೊಡಕು ಇದಕ್ಕಿಂತ ದೊಡ್ಡದು. ತಮಿಳು ಲಿಪಿಯಲ್ಲಿ ಕ, ಗಗಳಿಗೆ ಒಂದೇ ಅಕ್ಷರ. ತ, ದಗಳಿಗೂ ಪ, ಬಗಳಿಗೂ ಹಾಗೆಯೇ. ಬಸಪ್ಪನೆಂಬ ಹಿರಿಯನೊಬ್ಬನಿದ್ದನೆನ್ನಿ. ತಮಿಳು ಪತ್ರದಲ್ಲಿ ಅವನ ಹೆಸರು ಪಕಾರದಿಂದ ತೊಡಗುತ್ತದೆ. ಅದನ್ನು ಇಂಗ್ಲಿಷಿಗೆ ಎತ್ತಿ ಬರೆದ ಗುಮಾಸ್ತ 'ಬಿ' ಎಂದನೋ 'ಪಿ' ಎಂದನೋ, ಅವನ ಕಿವಿಗೇ ಗೊತ್ತು! ಎರಡರಲ್ಲಿಯೂ ಹುಡುಕುವುದು ಲೇಸು. ಊರಿನಿಂದ ಬಂದ ಮನೆತನದ ಹೆಸರಾದರೆ 'ಹಳ್ಳಿ'ಯ ಜೊತೆಗೆ 'ಪಳ್ಳಿ'ಯನ್ನೂ ನೋಡಬೇಕು. ಹಳಗನ್ನಡದ ಪಕಾರ ಮುಂದೆ ಕನ್ನಡದಲ್ಲಿ ಹಕಾರವಾಯಿತು. ತಮಿಳಿನಲ್ಲಿ ಹಾಗೆಯೇ ಉಳಿಯಿತು.

ಹತ್ತೊಂಬತ್ತನೆಯ ಶತಮಾನದ ರೈತನನ್ನು ಕಾಣಲು ಹೆಚ್ಚು ಭರವಸೆಯ ಆಕರವೆಂದರೆ ಜಮೀನಿನ ಕಾಗದ. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಈ ಸೀಮೆ ಟಿಪ್ಪುಸುಲ್ತಾನನಿಂದ ಕಂಪನಿಯ ಕೈಸೇರಿತು. ಅಲೆಕ್ಸಾಂಡರ್ ರೀಡ್ ಮತ್ತು ಅವನ ಸಹಾಯಕ ಥಾಮಸ್ ಮನ್ರೋ ಇಲ್ಲಿ ಹೊಲಗಳನ್ನು ಅಳೆಯಿಸಿ, ರೈತನೊಡನೆಯೇ ಕಂದಾಯ ಗೊತ್ತುಮಾಡುವ ಪದ್ಧತಿಗೆ ತಳಪಾಯ ಹಾಕಿದರು. 1864ರ ನೋಂದಣಿ ಕಾಯ್ದೆಯ ತರುವಾಯ ಕ್ರಯಪತ್ರಗಳೂ ಸರ್ಕಾರಿ ಪುಸ್ತಕಕ್ಕೆ ಏರತೊಡಗಿದವು. ಇಂಥ ಊರಿನಲ್ಲಿರುವ ಇಂಥವರ ಮಗ ಇಂಥವನು ಎಂದು ಬರೆಯುವುದು ಅವುಗಳ ವಾಡಿಕೆ. ಒಂದು ಪತ್ರ ಸಿಕ್ಕಿತೆಂದರೆ ಎರಡು ತಲೆಮಾರು ಸಿಕ್ಕಂತೆ. ಚೆಕ್ಕುಬಂದಿಯಲ್ಲಿ ನೆರೆಹೊಲದ ದಾಯಾದಿಯೂ ದೊರೆತಾನು.

ಎಳೆ 1876–78ರಲ್ಲಿ ಕಡಿದುಹೋದರೆ ಆಶ್ಚರ್ಯವಿಲ್ಲ. ಆ ಮಹಾಕ್ಷಾಮ ಸೇಲಂ ಜಿಲ್ಲೆಯನ್ನು ಬಹಳವಾಗಿ ಪೀಡಿಸಿತು. ಆದರೆ ಕಾಣೆಯಾದವನು ಸತ್ತನೆಂದೇ ಅಲ್ಲ, ಕಡಲು ದಾಟಿರಲೂಬಹುದು. 1860ರಿಂದ 1911ರವರೆಗೆ ಮದರಾಸು, ಕಲ್ಕತ್ತೆಗಳಿಂದ ದಕ್ಷಿಣ ಆಫ್ರಿಕದ ನೇಟಾಲಿಗೆ ಕರಾರಿನ ಮೇಲೆ ಹೋದ ಕೂಲಿಯಾಳುಗಳು ಒಂದೂವರೆ ಲಕ್ಷಕ್ಕೂ ಹೆಚ್ಚು. ಅವರ ಹಡಗಿನ ಪಟ್ಟಿಗಳಲ್ಲಿ ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ತಾಲ್ಲೂಕು, ಗ್ರಾಮಗಳಿವೆ. ಅಲ್ಲಿ ಎಷ್ಟೋ ಕುಟುಂಬಗಳಿಗೆ ತಂದೆಯ ಹೆಸರೋ ಜಾತಿಸೂಚಕ ಪದವೋ ಮುಂದೆ ಅಡ್ಡಹೆಸರಾಗಿ ನಿಂತಿತು.

ಕಾಗದ ಮೌನವಾದಲ್ಲಿ ಮದುವೆಯ ಮಾತುಕತೆ ನೆರವಿಗೆ ಬರುತ್ತದೆ. ಒಂದೇ ಬೆಡಗಿನವರು ತಮ್ಮೊಳಗೆ ಹೆಣ್ಣು ಕೊಟ್ಟು ತರುವುದಿಲ್ಲ. ಆದ್ದರಿಂದ ಸಂಬಂಧ ನೋಡುವ ಅಜ್ಜಿಯರಿಗೆ ಬೆಡಗು, ಮನೆದೇವರು, ಮೂಲದ ಊರು ಬಾಯಿಪಾಠವಾಗಿರುತ್ತವೆ. ಅವರು ಹೇಳಿದ್ದನ್ನು ಮೊಮ್ಮಕ್ಕಳು ಕನ್ನಡ ಲಿಪಿಯಲ್ಲಿಯೇ ಬರೆದುಕೊಳ್ಳಲಿ. ಗ, ದ, ಬಗಳು ಅಲ್ಲಿ ಇದ್ದಂತೆಯೇ ಇರುತ್ತವೆ.