ಟಾರ್ಪೆಡೊ ಪರೀಕ್ಷೆಗೆ ಹಳೆಯ ಸರಕು ಹಡಗೇಕೆ?

ಪ್ರಶ್ನೆ: ಅಮೆರಿಕದ ಭೂಸೇನೆಯ ಹಳೆಯ ಸರಕು ಹಡಗನ್ನು ನೌಕಾಪಡೆ ಟಾರ್ಪೆಡೊ ಸಂಶೋಧನೆಗೆ ಬಳಸಿತ್ತಂತೆ. ಅವರ ಬಳಿ ಯುದ್ಧನೌಕೆ ಇರಲಿಲ್ಲವೇ?
– ಓದುಗರು, ಹಿರೇಕೆರೂರು

ಉತ್ತರ: ಬೇಕಾದಷ್ಟಿದ್ದವು, ಆದರೆ ಈ ಕೆಲಸಕ್ಕೆ ಯುದ್ಧನೌಕೆಯ ಅಗತ್ಯವೇ ಇರಲಿಲ್ಲ. ನೀವು ಕೇಳುತ್ತಿರುವುದು ಬಹುಶಃ ‘ನ್ಯೂ ಬೆಡ್‌ಫೋರ್ಡ್’ ಬಗ್ಗೆ. ಎರಡನೆಯ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳಿಗೆ ಸಾಮಾನು ಮುಟ್ಟಿಸಲು ಭೂಸೇನೆ ತನ್ನದೇ ಹಡಗುಗಳನ್ನು ಕಟ್ಟಿಸಿತ್ತು. (ಭೂಸೇನೆಗೆಂಥ ಹಡಗು ಎಂದು ಹುಬ್ಬೇರಿಸಬೇಡಿ, ದ್ವೀಪಕ್ಕೆ ಲಾರಿ ಹೋಗದು.) ಅವುಗಳಲ್ಲಿ ಸುಮಾರು 54 ಮೀಟರ್ ಉದ್ದದ ಇದು 1950ರಲ್ಲಿ ನೌಕಾಪಡೆಗೆ ಬಂತು; 1963ರಲ್ಲಿ ಮಾರ್ಪಾಡಾಗಿ ವಾಷಿಂಗ್ಟನ್ ರಾಜ್ಯದ ಕೀಪೋರ್ಟ್‌ನಲ್ಲಿ ಟಾರ್ಪೆಡೊ ಪರೀಕ್ಷೆಗೆ ನಿಂತಿತು. ಪರೀಕ್ಷೆಯ ಟಾರ್ಪೆಡೊದಲ್ಲಿ ಸಿಡಿತಲೆ ಇರುವುದಿಲ್ಲ. ಓಟ ಮುಗಿದ ಮೇಲೆ ಅದು ತೇಲುತ್ತದೆ. ಹಿಡಿದು, ಮೇಲೆತ್ತಿ, ಒಳಗಿನ ದಾಖಲೆ ಓದಬೇಕು. ಇದಕ್ಕೆ ಬೇಕಾದದ್ದು ವೇಗವಲ್ಲ: ಭಾರ ಎತ್ತುವ ಕ್ರೇನ್, ತೆರೆದ ಡೆಕ್, ಉಪಕರಣಗಳಿಗೆ ಖಾಲಿ ಒಡಲು. ಸರಕು ಹಡಗಿನಲ್ಲಿ ಇವಕ್ಕೆಲ್ಲ ಹುಟ್ಟಿನಿಂದಲೇ ಜಾಗವಿದೆ. 1968ರಲ್ಲಿ ಉತ್ತರ ಕೊರಿಯಾ ವಶಪಡಿಸಿಕೊಂಡ ‘ಪ್ಯೂಬ್ಲೋ’ ಕೂಡ ಇಂಥದೇ ಭೂಸೇನಾ ಹಡಗು. ಅದರ ಖಾಲಿ ಒಡಲು ಬೇಹುಗಾರಿಕೆಗೆ ಒದಗಿತ್ತು.

ಹಳೆಯ ಎಂಜಿನ್ನಿನ ಸದ್ದು ನೀರೊಳಗಿನ ಅಳತೆಯನ್ನು ಕೆಡಿಸುವುದಿಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಅಳೆಯುವ ಹೊತ್ತಿಗೆ ಎಂಜಿನ್ ನಿಲ್ಲಿಸಬಹುದು. ಓಡುತ್ತಲೇ ಇರಬೇಕಾದದ್ದು ಟಾರ್ಪೆಡೊ, ಹಡಗಲ್ಲ. ಹಳೆಯ ಸರಕು ಹಡಗೇ ಸಾಕಾಗುವುದಾದರೆ ಭಾರತ ಟಾರ್ಪೆಡೊ ಪರೀಕ್ಷೆಗೆ ಹೊಸ ಹಡಗನ್ನೇ ಕಟ್ಟಿಸಿದ್ದೇಕೆ? ನಮ್ಮ ಟಾರ್ಪೆಡೊ ಸಂಶೋಧನೆಯ ಮನೆ ವಿಶಾಖಪಟ್ಟಣ. 2015ರಲ್ಲಿ ಅಲ್ಲಿ ಸೇವೆಗೆ ಸೇರಿದ ‘ಅಸ್ತ್ರಧಾರಿಣಿ’ ಜೋಡಿ ಒಡಲಿನದು, ಅಲೆಯಲ್ಲಿ ಹೆಚ್ಚು ಸ್ಥಿರ. ಹೊಸದು ಮೇಲು ಎಂಬುದರಲ್ಲಿ ಅನುಮಾನವಿಲ್ಲ. ಆದರೂ ಅದು ಕೂಡ ವೇಗದ ಯುದ್ಧನೌಕೆಯಲ್ಲ: ಉದ್ದ ಸುಮಾರು 50 ಮೀಟರ್, ವೇಗ ಗಂಟೆಗೆ 15 ನಾಟಿಕಲ್ ಮೈಲಿಯಷ್ಟೇ.